ಮೂರು ವರ್ಷ ಮಲಗಿದ್ದ ಎಂಜಿನ್

ಷೆಡ್ಡಿನ ಹೊಸ್ತಿಲಲ್ಲೇ ನಿಂತು ಅಕ್ಕ ತಮ್ಮನಿಗೆ ಹೇಳಿದಳು, "ಹನ್ನೊಂದಕ್ಕೆ ಕಾರು ಕೊಳ್ಳೋರು ಬರ್ತಾರೆ. ಅಷ್ಟರಲ್ಲಿ ಸ್ಟಾರ್ಟ್ ಮಾಡಿಡು."

"ಮೂರು ವರ್ಷ ಮಲಗಿದ್ದನ್ನ ಕಿವಿ ಹಿಂಡಿ ಎಬ್ಬಿಸೋಕಾಗುತ್ತಾ ಅಕ್ಕಾ? ತಾಳಿದವನು ಬಾಳಿಯಾನು."

"ತಾಳಿದ್ದು ಸಾಕು. ಕೆಲಸ ಶುರು ಮಾಡು."

ಇಪ್ಪತ್ತೆರಡು ವರ್ಷ ಟ್ಯಾಕ್ಸಿ ಓಡಿಸಿದವಳು ಅವಳು. ಹೇಳಿದ ಹೊತ್ತಿಗೆ ಒಂದು ನಿಮಿಷ ಆಚೀಚೆ ಆಗದವಳೆಂದು ಸ್ಟ್ಯಾಂಡಿನವರೆಲ್ಲ ಗಡಿಯಾರದಕ್ಕ ಅನ್ನುತ್ತಿದ್ದರು. ಮೂರು ವರ್ಷದ ಹಿಂದೆ ಆಸ್ಪತ್ರೆಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಎಡಬಲ ನೋಡದೆ ಅಡ್ಡ ಬಂದು ಕಾಲು ಮುರಿದುಕೊಂಡ. ತಪ್ಪು ತನ್ನದೇ ಎಂದು ಅವನೇ ಒಪ್ಪಿಕೊಂಡ, ಕಾಲೂ ಕೂಡಿಕೊಂಡಿತು, ಈಗ ಮತ್ತೆ ಸೈಕಲ್ ತುಳಿಯುತ್ತಾನೆ. ಅಕ್ಕನ ಕೈ ಮಾತ್ರ ಸ್ಟಿಯರಿಂಗ್ ಮುಟ್ಟಿದರೆ ನಡುಗುತ್ತಿತ್ತು. ಅಂದಿನಿಂದ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಕೆದರಿ ಹೋದದ್ದನ್ನು ಮಡಚಿಡುವುದೇ ಅವಳ ಕೆಲಸ. ಜಗಳವಾಡುವುದನ್ನೂ ಬಿಟ್ಟಿದ್ದಳು. ಜಗಳವಾಡದ ಅಕ್ಕನನ್ನು ಕಂಡರೆ ತಮ್ಮನಿಗೆ ಭಯ. ಇವತ್ತು ಕಾರು ಹೋಯಿತೋ, ಇವಳು ಇನ್ನೆಂದೂ ಸ್ಟಿಯರಿಂಗ್ ಹಿಡಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಅವಳಿಗೆ ಎದುರಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇಲ್ಲ.

ತಮ್ಮ ಮೆಕ್ಯಾನಿಕ್. ಊರಿನ ಅರ್ಧ ಕಾರುಗಳ ಹೊಟ್ಟೆ ಬಗೆದವನು, ಓಡಿಸಲು ಮಾತ್ರ ಬಾರದು. ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಕಂಬಕ್ಕೆ ಗುದ್ದಿ, ನಾಲ್ಕನೆಯ ಸಲ ಕಂಬದ ಮೇಲಿನ ಕರುಣೆಯಿಂದ ಹೋಗಲೇ ಇಲ್ಲ.

ಕಾರು ನಿಲ್ಲಿಸಿದ ದಿನ ಪೆಟ್ರೋಲ್ ಬಸಿದು, ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಒಂದು ಚಮಚ ಎಣ್ಣೆ ಬಿಟ್ಟು, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದ್ದವನು ಅವನೇ. ಈಗ ಆ ಬಟ್ಟೆ ಎಳೆದು ತೆಗೆದ. ಇಲಿ ಗೂಡು ಕಟ್ಟಿದೆಯೇನೋ ಎಂದು ಟಾರ್ಚ್ ಬಿಟ್ಟು ನೋಡಿದ. ಬ್ರೇಕು, ಟೈರು ನಿನ್ನೆಯೇ ನೋಡಿಯಾಗಿತ್ತು, ಎಂಜಿನ್ ಎಣ್ಣೆಯೂ ಬದಲಾಗಿತ್ತು. ಪ್ಲಗ್ ಬಿಚ್ಚಿ ಇನ್ನೊಂದಿಷ್ಟು ಎಣ್ಣೆ ಬಿಟ್ಟು, ಎಂಜಿನ್ನಿನ ಕೆಳಗಿನ ಪುಲ್ಲಿ ಚಕ್ರಕ್ಕೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿದ. ಮೊದಲು ಬಿಗಿ ಹಿಡಿಯಿತು, ಆಮೇಲೆ ಮೆಲ್ಲಗೆ ಜರುಗಿತು. ಬ್ಯಾಟರಿ ಕೂರಿಸಿ, ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆದ.

"ಇನ್ನೂ ಎಷ್ಟು ಹೊತ್ತೋ? ಮೀನಮೇಷ ಎಣಿಸ್ತಾ ಕೂತಿದ್ದೀಯಲ್ಲ."

"ಎಣ್ಣೆ ಮೇಲಕ್ಕೆ ಹತ್ತದೆ ಸ್ಟಾರ್ಟ್ ಮಾಡಿದ್ರೆ ಒಳಗೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಮೀಟರಿನ ಪಕ್ಕದ ಆ ಎಣ್ಣೆಯ ಕೆಂಪು ದೀಪ ಆರಲಿ, ಇರು."

ದೀಪ ಆರಿತು. ಪ್ಲಗ್ ಹಾಕಿ, ಹೊಸ ಪೆಟ್ರೋಲ್ ಸುರಿದು ಕೀಲಿ ತಿರುಗಿಸಿದ. ಒಮ್ಮೆ ಕೆಮ್ಮಿತು. ಎರಡನೆಯ ಸಲಕ್ಕೆ ಬಿಳಿ ಹೊಗೆ ಉಗುಳಿ ಹಿಡಿದುಕೊಂಡಿತು. ಅಕ್ಕ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದಳು. ಅದನ್ನು ಕಂಡು ತಮ್ಮ ಬಾಯಿಗೆ ಬಂದದ್ದು ಹೇಳಿಬಿಟ್ಟ.

"ಈಗ ನಿಲ್ಲಿಸೋ ಹಾಗಿಲ್ಲ ಅಕ್ಕಾ. ನಿಂತಲ್ಲೇ ಬಿಟ್ರೆ ಒಳಗಿನ ತೇವ ಹೋಗಲ್ಲ. ಅರ್ಧ ಗಂಟೆ ರಸ್ತೆ ಮೇಲೆ ಓಡಿಸಲೇಬೇಕು. ಇಲ್ಲಾಂದ್ರೆ ಎಂಜಿನ್ ಕೆಟ್ಟಿತು ಅಂತಲೇ ತಿಳ್ಕೋ."

ಅದರಲ್ಲಿ ನಾಲ್ಕಾಣೆ ನಿಜ, ಹನ್ನೆರಡಾಣೆ ಸುಳ್ಳು.

"ನೀನೇ ಓಡಿಸು."

"ನಾನಾ? ದಾರಿ ತುಂಬ ಕಂಬಗಳಿವೆ."

ಅಕ್ಕ ನಗಲಿಲ್ಲ. ತೋಳು ಮೇಲೇರಿಸಿ, "ಆಚೆ ಜರುಗು," ಎಂದಳು.

ಮೊದಲ ಗೇರಿನಲ್ಲೇ ಗಲ್ಲಿ ದಾಟಿದರು. ಅವಳ ಕೈ ನಡುಗುತ್ತಲೇ ಇತ್ತು. ಪಕ್ಕದಲ್ಲಿ ಕೂತ ತಮ್ಮ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡಿದ್ದ. ಗಲ್ಲಿಯ ತುದಿಯಲ್ಲಿ ಎಡಕ್ಕೆ ಹೋದರೆ ಬಯಲು, ಬಲಕ್ಕೆ ಹೋದರೆ ಆಸ್ಪತ್ರೆಯ ತಿರುವು. ಅವಳು ಬಲಕ್ಕೆ ಹೊರಳಿಸಿದಳು.

"ಅಕ್ಕಾ, ನಿಲ್ಲಿಸು. ನಾನು ಹೇಳಿದ್ದು ಸುಳ್ಳು. ನಿಂತಲ್ಲೇ ಬಿಟ್ಟಿದ್ರೂ ಎಂಜಿನ್ ಕೆಡ್ತಿರಲಿಲ್ಲ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಹಾರ್ನ್ ಹೊಡೆದಳು, ನಿಧಾನಿಸಿದಳು, ಎರಡೂ ಕಡೆ ನೋಡಿ ತಿರುವು ದಾಟಿದಳು. ಆಮೇಲೆ ಉಸಿರು ಬಿಟ್ಟಳು.

"ಇಪ್ಪತ್ತೆರಡು ವರ್ಷ ಓಡಿಸಿದೋಳು ಕಣೋ ನಾನು. ಅಷ್ಟೂ ಗೊತ್ತಿಲ್ವಾ ನಂಗೆ?"

"ಮತ್ತೆ ಯಾಕೆ ಹತ್ತಿದೆ?"

"ಕೊಳ್ಳೋರಿಗೆ ಫೋನ್ ಮಾಡು, ಬರೋದು ಬೇಡ ಅನ್ನು," ಎಂದಳು ಅಕ್ಕ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. "ಮೂರು ವರ್ಷ ಎಲ್ಲರೂ 'ಪಾಪ, ಬಿಡು' ಅಂದ್ರು. ಓಡಿಸಲೇಬೇಕು ಅಂದೋನು ನೀನೊಬ್ಬನೇ."