ಎರ್ಸಿಲಿಯಾಳ ಕೋಟು

ಎರ್ಸಿಲಿಯಾ ಚಪ್ಪಾಳೆ ತಟ್ಟಿದ್ದನ್ನು ನಮ್ಮೂರು ವಲ್ಮಾರಾದಲ್ಲಿ ಕಂಡವರಿಲ್ಲ. ಹಾಡು ಹಿಡಿಸಿದರೆ ಕೋಟು ಬಿಚ್ಚುತ್ತಿದ್ದಳು, ಹಿಡಿಸದಿದ್ದರೆ ಕತ್ತಿನವರೆಗೂ ಗುಂಡಿ ಹಾಕಿಕೊಂಡು ಕೂರುತ್ತಿದ್ದಳು. ಅವಳ ವಿಮರ್ಶೆ ಅಷ್ಟೇ. ಕೋಟು ಅವಳದಲ್ಲ, ತೀರಿಕೊಂಡ ಗಂಡ ಒರೆಸ್ತೆಯದು. ಸೀಸೆಯ ಗಾಜಿನಂಥ ಹಸಿರು ಬಣ್ಣದ, ಮೊಣಕಾಲು ದಾಟಿ ಇಳಿಯುವ ದಪ್ಪ ಉಣ್ಣೆಯ ಕೋಟು. ಅದರ ಜೇಬುಗಳು ಎಷ್ಟು ಆಳವೆಂದರೆ ಒಂದರಲ್ಲಿ ಅರ್ಧ ರೊಟ್ಟಿಯೂ ಇನ್ನೊಂದರಲ್ಲಿ ಸಣ್ಣ ವೈನ್ ಸೀಸೆಯೂ ಹೊರಗೆ ಉಬ್ಬು ಕಾಣದಂತೆ ಅಡಗುತ್ತಿದ್ದವು. ನಮ್ಮ ಒಪೆರಾ ಮಂದಿರದ ಮೇಲಟ್ಟದಲ್ಲಿ, ಛಾವಣಿ ತಲೆಗೆ ತಾಗುವಂಥ ಆ ಅಗ್ಗದ ಬೆಂಚುಗಳ ಮೊದಲ ಸಾಲಿನ ನಟ್ಟನಡುವೆ ಅವಳು ಕುಳಿತಿದ್ದರೆ, ಮೇಲಟ್ಟದವರ ಒಂದು ಕಣ್ಣು ರಂಗದ ಮೇಲೆ, ಇನ್ನೊಂದು ಕಣ್ಣು ಅವಳ ಗುಂಡಿಗಳ ಮೇಲೆ. ಮಿಲಾನಿನಿಂದ ಬಂದ ಹೆಸರುವಾಸಿ ಗಾಯಕರು ಪರದೆಯ ಸಂದಿಯಿಂದ ಇಣುಕಿ, "ಹಸಿರು ಕೋಟು ಬಂದಿದೆಯಾ?" ಎಂದು ಕೇಳಿ ಗಂಟಲಿಗೆ ಜೇನು ಸವರಿಕೊಳ್ಳುತ್ತಿದ್ದರಂತೆ. ಅದರಲ್ಲಿ ಅರ್ಧ ನಮ್ಮೂರಿನ ಬಡಾಯಿ, ಉಳಿದರ್ಧ ನಿಜ.

ಅವಳ ಆಯುಷ್ಯದ ಬಹುಭಾಗ ಕಳೆದದ್ದು ನೆಲಮಾಳಿಗೆಯಲ್ಲಿ, ಉಪ್ಪು ಸವರಿ ನೇತುಹಾಕಿದ ಹಂದಿಯ ತೊಡೆಗಳ ಸಾಲುಗಳ ಕೆಳಗೆ. ಕುದುರೆಯ ಎಲುಬಿನಿಂದ ಮಾಡಿದ ತೆಳ್ಳನೆಯ ಸೂಜಿಯನ್ನು ಮಾಂಸದೊಳಕ್ಕೆ ಚುಚ್ಚಿ, ಹೊರಗೆಳೆದು, ಮೂಗಿನ ಕೆಳಗೆ ಹಿಡಿದು, ಹದವಾಗಿದೆಯೋ ಕೆಟ್ಟಿದೆಯೋ ಹೇಳುವುದು ಅವಳ ಕೆಲಸವಾಗಿತ್ತು. ಆ ನೆಲಮಾಳಿಗೆಯ ತಂಪು ಅವಳ ಸೊಂಟಕ್ಕೆ ಸೇರಿಬಿಟ್ಟಿತ್ತು. ಹೊರೆ ಒಂದು ಕಡೆಗೆ ಜಾರಿದ ದೋಣಿಯಂತೆ ಎಡಕ್ಕೆ ವಾಲಿಕೊಂಡು, ಆದರೆ ಒಂದು ದಿನವೂ ಗೋಡೆ ಹಿಡಿಯದೆ ಅವಳು ನಡೆಯುತ್ತಿದ್ದಳು. ಮೇಲಟ್ಟದ ಕಡಿದಾದ ಮೆಟ್ಟಿಲುಗಳಲ್ಲಿ ಯಾರಾದರೂ ತೋಳು ಕೊಡಲು ಬಂದರೆ, "ನಿನ್ನ ತೋಳು ನಿನ್ನ ಹೆಂಡ್ತಿಗಿರ್ಲಿ" ಎನ್ನುತ್ತಿದ್ದಳು. ಮಾತು ಕಡಿಮೆ. ಮದುವೆಯ ಮಾತಾಗಲಿ, ಜಗಳವಾಗಲಿ, ಹೊಸ ಪಾದ್ರಿಯ ಪ್ರವಚನವಾಗಲಿ, ಅವಳ ಅಭಿಪ್ರಾಯ ಕೇಳಿದರೆ ಉತ್ತರ ಒಂದೇ: "ಉಪ್ಪು ಹಿಡೀಲಿ." ಕಾಯದೆ ಯಾವುದೂ ಹದಕ್ಕೆ ಬರುವುದಿಲ್ಲವೆಂಬುದು ಅವಳ ಬದುಕಿನ ಸಮಸ್ತ ತತ್ತ್ವಜ್ಞಾನ.

ನಮ್ಮ ಮಂದಿರದ ತೂಗುದೀಪದ ವಿಷಯ ಇಲ್ಲಿ ಹೇಳಬೇಕು. ಮಂದಿರ ಕಟ್ಟಿದ ಕಾಲದಲ್ಲಿ ಊರಿನವರು ದೀಪದ ಹಿತ್ತಾಳೆಯ ಚೌಕಟ್ಟನ್ನು ಹೇಗೋ ತರಿಸಿದರು. ಅದಕ್ಕೆ ತೂಗುವ ಗಾಜಿನ ಹರಳುಗಳನ್ನು ಮಾತ್ರ ಮನೆಮನೆಯವರೂ ತಮ್ಮ ತಮ್ಮ ಯೋಗ್ಯತೆಗೆ ತಕ್ಕಂತೆ ಕೊಟ್ಟರು, ಸಿರಿವಂತರು ಗೊಂಚಲುಗಟ್ಟಲೆ, ಅಗಸರು, ಗಾರೆಯವರು ಒಂದೋ ಎರಡೋ. ಅಂದಿನಿಂದ ಪ್ರತಿ ಚಳಿಗಾಲ, ಸಂತ ಲೂಚಿಯಾಳ ಹಬ್ಬದ ದಿನ, ದೀಪವನ್ನು ಕೆಳಗಿಳಿಸುತ್ತಾರೆ. ಮೇಲಟ್ಟದ ಹೆಂಗಸರು ತಮ್ಮ ಮನೆತನದ ಹರಳುಗಳನ್ನು ಕೊಕ್ಕೆಯಿಂದ ಬಿಚ್ಚಿ, ಬಟ್ಟೆಬುಟ್ಟಿಯಲ್ಲಿ ಮನೆಗೊಯ್ದು, ಹುಳಿನೀರಿನಲ್ಲಿ ತೊಳೆದು, ಒಲೆಯ ಬಳಿ ಒಣಗಿಸಿ, ನಾಲ್ಕಾರು ದಿನಕ್ಕೆ ತಂದು ತೂಗುಹಾಕುತ್ತಾರೆ. ಕ್ರಿಸ್‌ಮಸ್ಸಿನ ಮರುದಿನ, ಸಂತ ಸ್ತೆಫಾನೊ ಹಬ್ಬದ ಸಂಜೆ, ಆ ದೀಪ ಹೊತ್ತಿಕೊಂಡರೆ ವರ್ಷದ ಹಾಡು ಶುರು. ಯುದ್ಧದ ಕೊನೆಯ ಚಳಿಗಾಲದಲ್ಲಿ ಕಿಟಕಿಗಳಿಗೆ ಕರಿ ಕಂಬಳಿ ಹೊದಿಸಿ, ಒಂದು ಪಿಯಾನೊ ಇಟ್ಟುಕೊಂಡು ಊರಿನ ಮೇಳದವರೇ ಹಾಡಿದ್ದರು. ಅಪ್ಪನ ಹೆಗಲ ಮೇಲೆ ಕುಳಿತು ಅದನ್ನು ಕೇಳಿದ ಮಗು ಎರ್ಸಿಲಿಯಾ. ಸಂತ ಸ್ತೆಫಾನೊ ಸಂಜೆ ಮಂದಿರ ಕತ್ತಲಾಗಿದ್ದದ್ದು ಎಂದೂ ಇಲ್ಲ.

ಮಂದಿರದ ನೂರೈವತ್ತನೆಯ ವರ್ಷಕ್ಕೆ ಹೊಸ ನಿರ್ದೇಶಕರು ಬಂದರು, ಚೆರೂತಿ; ಓದಿದವರೆಂದು ನಾವು ದೊತ್ತೋರೆ ಎನ್ನುತ್ತಿದ್ದೆವು. ಸಜ್ಜನ, ಬೆಳ್ಳಿಗೂದಲು, ತೆಳ್ಳನೆಯ ಬೆರಳು, ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸದ ಸ್ವಭಾವ. ವಾರ್ಷಿಕೋತ್ಸವದ ಕಾರ್ಯಕ್ರಮ ಪುಸ್ತಿಕೆ ಶರತ್ಕಾಲದಲ್ಲೇ ಅಚ್ಚಾಗಿ ಬಂತು. ನುಣುಪು ಹಾಳೆ, ಮುಖಪುಟದ ಮೇಲೆ ನಮ್ಮ ತೂಗುದೀಪ. ರೊಟ್ಟಿಯಂಗಡಿಯ ನೊವೆಲ್ಲಾ ಒಂದು ಪ್ರತಿಯನ್ನು ಗಲ್ಲೆಯ ಮೇಲಿಟ್ಟಿದ್ದಳು. ಹಿಟ್ಟಿನ ಬೆರಳುಗಳಿಂದ ಎಲ್ಲರೂ ಅದನ್ನು ತಿರುವಿದರು. ಮೊದಲ ಪ್ರದರ್ಶನ ಮಾರ್ಚ್ ತಿಂಗಳಲ್ಲಿ. ಚಳಿಗಾಲದ ಮಂಜಿನಲ್ಲಿ ಹೊರದೇಶದ ಅತಿಥಿಗಳ ಬಸ್ಸುಗಳು ಬರಲಾರವು, ದೂರದರ್ಶನದವರಿಗೂ ವಸಂತವೇ ಅನುಕೂಲ ಎಂದು ಒಳಗೆ ಬರೆದಿತ್ತು. ಸಂತ ಸ್ತೆಫಾನೊ ದಿನಕ್ಕೆ ಏನೂ ಇರಲಿಲ್ಲ.

"ಆಯ್ತಲ್ಲ, ಒಂದು ವರ್ಷ ತಾನೆ," ಎಂದಳು ನೊವೆಲ್ಲಾ, ಎರ್ಸಿಲಿಯಾಳಿಗೆ. "ಮಾರ್ಚ್‌ನಲ್ಲಿ ಬಿಸಿಲಾದ್ರೂ ಇರುತ್ತೆ. ಬರೋರಿಗೆಲ್ಲ ನಮ್ಮ ಅಂಗಡಿಯಿಂದ್ಲೇ ತಿಂಡಿ ಅಂತ ಹೇಳಿದಾರೆ, ಅಕ್ಕ."

ಎರ್ಸಿಲಿಯಾ ಪುಸ್ತಿಕೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು, ನಿಜವಾಗಿಯೂ ಮೂಸಿದಳು, ಆಮೇಲೆ ಕೆಳಗಿಟ್ಟಳು. ಅಂಗಡಿಯಲ್ಲಿ ಎಲ್ಲರೂ ನಕ್ಕರು, ಅವಳು ನಗಲಿಲ್ಲ.

ಮರುದಿನವೇ ಅವಳು ನಿರ್ದೇಶಕರ ಕೋಣೆಗೆ ಹೋದಳು. ಜೊತೆಗೆ ಹೋಗಿದ್ದ ನಾವು ಬಾಗಿಲಲ್ಲೇ ನಿಂತೆವು. ದೊತ್ತೋರೆ ಎದ್ದುನಿಂತು ಕುರ್ಚಿ ಕೊಟ್ಟರು. ಬಸ್ಸು, ಮಂಜು, ಗಾಯಕರ ಕರಾರು ಎಲ್ಲವನ್ನೂ ಸಾವಧಾನವಾಗಿ ವಿವರಿಸಿದರು. ಅವಳು ಕೊನೆಯವರೆಗೂ ಕೇಳಿದಳು.

"ದೊತ್ತೋರೆ, ನಿಮ್ಮಮ್ಮನಿಗೆ ಹುಟ್ಟಿದ ದಿನ ಮಾಡ್ತೀರಾ?"

"ಮಾಡ್ತೀವಿ, ಸಿಞೋರಾ."

"ನೆಂಟರಿಗೆ ಬಿಡುವಿಲ್ಲ ಅಂದ್ರೆ ಅಮ್ಮ ಹುಟ್ಟಿದ ದಿನಾನೇ ಬದಲಾಯಿಸ್ತೀರಾ?"

ಅವರು ನಕ್ಕು, ಪಟ್ಟಿ ಅಚ್ಚಾಗಿಹೋಗಿದೆ, ಇನ್ನು ತಿದ್ದುವ ಹಾಗಿಲ್ಲ ಎಂದರು. ಅವಳು ಎದ್ದಳು. ಬಾಗಿಲ ಬಳಿ ನಮಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು: "ಉಪ್ಪು ಹಿಡೀಲಿ."

ಸಂತ ಲೂಚಿಯಾಳ ದಿನ ಬಂತು. ಪದ್ಧತಿಯಂತೆ ದೀಪ ಇಳಿಯಿತು. ಪದ್ಧತಿಯಂತೆ ನಾವು ಬುಟ್ಟಿ ತಂದೆವು, ಹರಳು ಬಿಚ್ಚಿದೆವು, ಮನೆಗೊಯ್ದೆವು. ದೊತ್ತೋರೆ ಸ್ವತಃ ಬಂದು, ಎಷ್ಟು ಸುಂದರವಾದ ಸಂಪ್ರದಾಯ ಎಂದು ಹೊಗಳಿ, ಬುಟ್ಟಿಗಳಿಗೆ ಬಾಗಿಲು ಹಿಡಿದು ನಿಂತರು. ನಾಲ್ಕಾರು ದಿನವಾಯಿತು, ವಾರವಾಯಿತು. ಒಂದು ಹರಳೂ ಹಿಂದಿರುಗಲಿಲ್ಲ. ಹಬ್ಬಕ್ಕೆ ಮುಂಚೆ ದೂರದರ್ಶನದವರು ದೀಪದ ಚಿತ್ರ ತೆಗೆಯಲು ಬಂದಾಗ, ಮಂದಿರದ ನಡುವೆ ತೂಗುತ್ತಿದ್ದದ್ದು ಮೀನು ತಿಂದು ಬಿಟ್ಟ ಮುಳ್ಳಿನಂಥ ಹಿತ್ತಾಳೆಯ ಅಸ್ಥಿಪಂಜರ.

"ಸಿಞೋರಾ, ಹರಳುಗಳು?" ಎಂದು ದಾರಿಯಲ್ಲಿ ತಡೆದು ಕೇಳಿದರು ದೊತ್ತೋರೆ.

"ತೊಳೆದಿದ್ದೀವಿ."

"ಮತ್ತೆ?"

"ಇನ್ನೂ ಒಣಗಿಲ್ಲ." ಅವಳು ಮೋರೆಯೆತ್ತಿ ಬೀದಿಯ ಮಂಜನ್ನು ತೋರಿಸಿದಳು. "ಹವಾ ನೋಡಿದ್ರಲ್ಲ. ನೀವೇ ಬರೆದಿದ್ದೀರಿ, ಬಸ್ಸೂ ಬರಲ್ಲ ಅಂತ."

ಆ ಮಾತು ಊರು ಸುತ್ತಿತು. ಅಗಸಗಿತ್ತಿಯನ್ನು ಕೇಳಿದರೂ ಇನ್ನೂ ಒಣಗಿಲ್ಲ, ಔಷಧಿ ಅಂಗಡಿಯವನ ಹೆಂಡತಿಯನ್ನು ಕೇಳಿದರೂ ಇನ್ನೂ ಒಣಗಿಲ್ಲ. ಪೊಲೀಸ್ ಠಾಣೆಯ ಮುಖ್ಯಸ್ಥ ತುಲ್ಲಿಯೊನನ್ನು ಮಂದಿರದ ಕಚೇರಿಯವರು ಕರೆಸಿ, ಇದು ಕಳವಾಗುತ್ತದಲ್ಲವೇ ಎಂದು ಕೇಳಿದರು. ಆತ ಟೊಪ್ಪಿಗೆ ತಿರುಗಿಸುತ್ತ, "ಕಳವು ಅಂದ್ರೆ ಮೊದಲು ನಮ್ಮ ಮನೇಲೇ ಹುಡುಕ್ಬೇಕು ಸಾರ್. ಅಮ್ಮ ಒಲೆ ಮೇಲೆ ನೇತುಹಾಕಿದಾಳೆ. ಮುಟ್ಟಿದ್ರೆ ಊಟ ಇಲ್ಲ ಅಂದಿದಾಳೆ," ಎಂದ.

ಆಮೇಲೆ ಕಚೇರಿಯಿಂದ ಬಂದ ಸುದ್ದಿ ಮಾತ್ರ ನಗುವಂಥದ್ದಾಗಿರಲಿಲ್ಲ. ಹರಳುಗಳು ಬಾರದಿದ್ದರೆ ಗಾಜಿಗೆ ಹೆಸರಾದ ಬೊಹೆಮಿಯಾದಿಂದ ಹೊಸದಾಗಿ ತರಿಸಿ ತೂಗುಹಾಕುವರಂತೆ. ಸಂಜೆ ಹೋಗುವುದಲ್ಲದೆ ದೀಪವೂ ನಮ್ಮ ಕೈತಪ್ಪುವುದೆಂದರೆ, ಮನೆಯಲ್ಲಿ ಉಳಿದ ಹರಳನ್ನು ಯಾರ ಮುಂದೆ ಹಿಡಿಯುವುದು? ಎಲ್ಲರಿಗಿಂತ ಮೊದಲು ಹೆದರಿದವಳು ನೊವೆಲ್ಲಾ. ತನ್ನ ಹರಳುಗಳನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿ, ಬೆಳಗಾದರೆ ಹಿಂದಿರುಗಿಸುವುದೆಂದು ಮೇಜಿನ ಮೇಲಿಟ್ಟುಕೊಂಡಿದ್ದಳು. ಎರ್ಸಿಲಿಯಾ ಅವಳ ಅಡುಗೆಮನೆಗೆ ಬಂದು, ಉರಿಯುವ ಒಲೆಯ ಪಕ್ಕ ಕತ್ತಿನವರೆಗೂ ಗುಂಡಿ ಹಾಕಿಕೊಂಡು ಕುಳಿತಳು.

"ಕೋಟು ತೆಗಿ ಅಕ್ಕ, ಬೆವರ್ತಿದ್ದೀಯ."

"ಇರ್ಲಿ."

"ನನ್ನ ಕಷ್ಟ ನಿನಗೇನು ಗೊತ್ತು? ಗಂಡ ಎರಡು ಹೊಸ ಒಲೆ ಹಾಕಿಸಿದಾನೆ, ಮಾರ್ಚ್‌ನ ನಂಬಿ."

"ಗೊತ್ತು."

"ಗೊತ್ತಿದ್ರೆ ಬೈಯಾದ್ರೂ ಬೈ. ಹೀಗೆ ಗೂಬೆ ಥರ ಕೂತ್ಕೋಬೇಡ."

ಎರ್ಸಿಲಿಯಾ ಬೈಯಲಿಲ್ಲ. ನೊವೆಲ್ಲಾ ಹಿಟ್ಟು ನಾದಿದಳು, ರೊಟ್ಟಿ ತಟ್ಟಿದಳು, ಗಂಡನ ಮೇಲೆ ರೇಗಿದಳು, ಅತ್ತಳು, ಕೊನೆಗೆ ಆ ಗಂಟನ್ನು ಬಿಚ್ಚಿ ಹರಳುಗಳನ್ನು ಮತ್ತೆ ಒಲೆಯ ಮೇಲಿನ ದಾರಕ್ಕೆ ಸಿಕ್ಕಿಸಿದಳು. "ಒಣಗ್ಲಿ, ಹಾಳಾಗೋಗ್ಲಿ," ಎಂದಳು. ಆಗ ಎರ್ಸಿಲಿಯಾ ಮೇಲಿನ ಒಂದು ಗುಂಡಿ ತೆಗೆದಳು. ಅಷ್ಟಕ್ಕೇ ನೊವೆಲ್ಲಾಳ ಮುಖ ಅರಳಿದ್ದನ್ನು ನೋಡಬೇಕಿತ್ತು.

ಕ್ರಿಸ್‌ಮಸ್ ಹತ್ತಿರವಾದಾಗ ದೊತ್ತೋರೆ ಯಾರನ್ನೂ ಕಳಿಸದೆ ತಾವೇ ಮನೆಮನೆಗೆ ಹೊರಟರು. ಅವರ ದೊಡ್ಡತನ ಅದು, ಒಪ್ಪಬೇಕು. ಹೋದ ಮನೆಯಲ್ಲೆಲ್ಲ ಅವರನ್ನು ಕೂರಿಸಿ, ಹಬ್ಬದ ಕಡುಬು ತೇಲಿಸಿದ ಬಿಸಿ ಸಾರು ಕೊಟ್ಟರು. ಹರಳು ತೋರಿಸಿದರು, ಕೊಡಲಿಲ್ಲ. ಇದು ನಮ್ಮ ಮುತ್ತಜ್ಜಿ ಮದುವೆಯ ಕಿವಿಯೋಲೆ ಬೇಡವೆಂದು ಅದರ ದುಡ್ಡಿನಲ್ಲಿ ಕೊಡಿಸಿದ್ದು, ಇದರ ಅಂಚು ಮುರಿದದ್ದು ನೆರೆ ಬಂದ ವರ್ಷ, ಇದನ್ನು ಯುದ್ಧದಲ್ಲಿ ಕೋಳಿಗೂಡಿನಲ್ಲಿ ಹೂತಿದ್ದೆವು ಎಂದು ಒಂದೊಂದರ ಚರಿತ್ರೆ ಹೇಳಿದರು. ಊರೆಲ್ಲ ಮುಗಿಸಿ ಅವರು ಎರ್ಸಿಲಿಯಾಳ ಮನೆಗೆ ಬಂದಾಗ ಸೊಂಟದ ಪಟ್ಟಿ ಒಂದು ತೂತು ಸಡಿಲವಾಗಿತ್ತು.

"ಸಾರು ಹಾಕ್ಲಾ?"

"ದಮ್ಮಯ್ಯ, ಬೇಡ." ಅವರು ಕುಳಿತರು. "ಸಿಞೋರಾ, ಆ ಸಂಜೆಗೆ ನನ್ನ ಹತ್ರ ಗಾಯಕರಿಲ್ಲ, ವಾದ್ಯದವರಿಲ್ಲ. ಬಾಗಿಲು ತೆಗೆದು ನಾನೇನು ಮಾಡ್ಲಿ?"

"ಬಾಗ್ಲು ತೆಗೀರಿ," ಎಂದಳು ಎರ್ಸಿಲಿಯಾ. "ಮಿಕ್ಕಿದ್ದಕ್ಕೆ ನಮಗೆ ಗಂಟಲಿದೆ."

ದೊತ್ತೋರೆ ಒಪ್ಪಿದರು, ಆದರೆ ಪುಸ್ತಿಕೆಗಳನ್ನು ಮತ್ತೆ ಅಚ್ಚು ಹಾಕಿಸುವಂತಿರಲಿಲ್ಲ. ಒಂದು ಬೆರಳಗಲದ ಕಾಗದದ ಪಟ್ಟಿಯ ಮೇಲೆ "ಸಂತ ಸ್ತೆಫಾನೊ ಸಂಜೆ: ಊರಿನ ಮೇಳ" ಎಂದು ಅಚ್ಚಾಯಿತು, ನೊವೆಲ್ಲಾಳ ಅಂಗಡಿಯ ಹಿಟ್ಟಿನ ಅಂಟಿನಲ್ಲಿ ನಾವೇ ಅದನ್ನು ಪ್ರತಿಯೊಂದು ಪುಸ್ತಿಕೆಯಲ್ಲೂ ಮಾರ್ಚ್ ತಿಂಗಳ ನೆತ್ತಿಯ ಮೇಲೆ ಹಚ್ಚಿದೆವು. ಕೆಲವು ಸೊಟ್ಟಗಾದವು. ಆ ಸೊಟ್ಟ ಪ್ರತಿಗಳನ್ನೇ ಈಗ ಜನ ಜೋಪಾನವಾಗಿಟ್ಟಿದ್ದಾರೆ.

ಹಬ್ಬದ ಮಧ್ಯಾಹ್ನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮಂದಿರದ ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತಬೇಕಾಯಿತು. ಜನ ಹರಳುಗಳನ್ನು ಸಾರಿನ ಪಾತ್ರೆಯಲ್ಲಿ, ಕಾಲುಚೀಲದಲ್ಲಿ, ಮಗುವಿನ ಟೊಪ್ಪಿಗೆಯಲ್ಲಿ ತಂದರು. ತುಲ್ಲಿಯೊನ ಅಮ್ಮ ಮಗನ ಕೈಗೆ ಬುಟ್ಟಿ ಕೊಟ್ಟು ಮುಂದೆ ನಡೆಸಿಕೊಂಡು ಬಂದಳು. ಅವರವರ ಕೊಕ್ಕೆ ಅವರವರಿಗೆ ಗೊತ್ತು. ದೀಪ ತುಂಬಿತು, ಹಗ್ಗ ಕಿರುಗುಟ್ಟಿತು, ಅದು ನಿಧಾನವಾಗಿ ಏರಿ ಹೊತ್ತಿಕೊಂಡಿತು. ಪಿಯಾನೊದ ಜೊತೆ ಮೇಳದವರು ಹಾಡಿದರು: ಕಟುಕ, ಗಾರೆಯವನು, ಶಾಲೆಯ ಅಡುಗೆಯವಳು. ಎರ್ಸಿಲಿಯಾಳ ಗಂಡ ಒರೆಸ್ತೆ ಬದುಕಿದ್ದಾಗ ನಿಂತು ಹಾಡುತ್ತಿದ್ದ ಸಾಲಿನ ಕೊನೆಯ ಜಾಗವನ್ನು ಅವರು ಹಾಗೆಯೇ ಬಿಟ್ಟಿದ್ದರು. ಒಂದೆರಡು ಕಡೆ ಸ್ವರ ಜಾರಿತು. ಎರಡನೆಯ ಹಾಡಿನ ನಡುವೆ ಮೇಲಟ್ಟದಲ್ಲಿ ಒಂದು ಸರಸರ ಸದ್ದು; ಎರ್ಸಿಲಿಯಾ ಕೋಟು ಬಿಚ್ಚಿ, ಮಡಿಸಿ, ತೊಡೆಯ ಮೇಲಿಟ್ಟುಕೊಂಡಳು. ಕೆಳಗಿನ ಗಣ್ಯರ ಆಸನದಿಂದ ದೊತ್ತೋರೆ ತಲೆಯೆತ್ತಿ ಅದನ್ನು ನೋಡಿದರು. ಅವರೂ ಆ ವೇಳೆಗೆ ಊರಿನವರಾಗಿದ್ದರು.

ಎಲ್ಲ ಮುಗಿದು ಜನ ಇಳಿಯುವಾಗ ಅವರು ಮೆಟ್ಟಿಲ ಬುಡದಲ್ಲಿ ಅವಳಿಗಾಗಿ ಕಾಯುತ್ತಿದ್ದರು.

"ಸಿಞೋರಾ, ದೀಪದ ಕೆಳಗಿನ ಬಳೆಯಲ್ಲಿ ಒಂದು ಕೊಕ್ಕೆ ಖಾಲಿ ಇದೆ. ನಿಮ್ಮದಂತೆ."

ಅವಳು ತೋಳಿನ ಮೇಲಿದ್ದ ಕೋಟಿನ ಜೇಬನ್ನು ಹೊರಗಿನಿಂದ ಒಮ್ಮೆ ತಟ್ಟಿ ನೋಡಿಕೊಂಡಳು.

"ಇನ್ನೂ ಒಣಗಿಲ್ಲ, ದೊತ್ತೋರೆ. ಮುಂದಿನ ವರ್ಷದ ಪಟ್ಟಿ ಬರ್ಲಿ."

ಮುಂದಿನ ವರ್ಷದ ಪಟ್ಟಿಯಲ್ಲಿ ಸಂತ ಸ್ತೆಫಾನೊ ಸಂಜೆ ಮೊದಲ ಸಾಲಿನಲ್ಲೇ ಅಚ್ಚಾಗಿತ್ತು, ಅಂಟಿಲ್ಲದೆ, ನೆಟ್ಟಗೆ. ಅವಳು ಅದನ್ನು ಮೂಸಿ, "ಅದರ ಮುಂದಿನದೂ ನೋಡೋಣ" ಎಂದಳು. ಹರಳು ಜೇಬಿನಲ್ಲೇ ಉಳಿಯಿತು.

ಒಂದೊಂದು ಊರಿನ ಸಡಗರದಲ್ಲೂ ಇಂಥವರೊಬ್ಬರು ಕೋಟು ಬಿಚ್ಚದೆ ಕುಳಿತಿರುತ್ತಾರೆ. ಮೆಚ್ಚುವುದರಲ್ಲಿ ಜಿಪುಣರು, ಕಾಯುವುದರಲ್ಲಿ ಧಾರಾಳಿಗಳು. ಕೊಟ್ಟ ಮಾತನ್ನು ಅವರು ನಂಬುತ್ತಾರೆ, ಆದರೆ ಒಂದು ಹರಳಿನಷ್ಟು ನಂಬಿಕೆಯನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡು ನಂಬುತ್ತಾರೆ. ಅವರೊಡನೆ ಬಾಳುವುದು ಸುಲಭವಲ್ಲ. ಹಠಮಾರಿಗಳೆಂದು ನಾವೇ ಎಷ್ಟೋ ಸಲ ಬೈದಿದ್ದೇವೆ. ಆದರೂ ಪ್ರತಿ ವರ್ಷ ಆ ಸಂಜೆ ದೀಪ ಹೊತ್ತಿಕೊಂಡಾಗ, ಮೇಲಟ್ಟದ ನಾವೆಲ್ಲ ಕತ್ತು ಚಾಚಿ, ಹೊಳೆಯುವ ಹರಳುಗಳನ್ನೆಲ್ಲ ದಾಟಿ, ಮೊದಲು ಹುಡುಕುವುದು ಆ ಖಾಲಿ ಕೊಕ್ಕೆಯನ್ನೇ.