ಎರಡೂ ಎಡಗಡೆಯವು

ನಬೋರ್ ಮತ್ತು ಎವಾರಿಸ್ತೊ ಮಾತು ಬಿಟ್ಟು ಆರು ವರ್ಷವಾಗಿತ್ತು. ಸಾನ್ ಫೆಲಿಪೆಯ ನಮ್ಮ ಬೀದಿಯಲ್ಲಿ ಫೈಬರ್ ದೋಣಿಗೆ ತೂತು ಬಿದ್ದರೆ ಮುಚ್ಚುವವರು ಇವರಿಬ್ಬರೇ. ಇಬ್ಬರ ಶೆಡ್ಡಿಗೂ ನಡುವೆ ಒಂದೇ ಗೋಡೆ. ಹಿಂದೊಮ್ಮೆ ಒಂದೇ ದೋಣಿಗೆ ಇಬ್ಬರೂ ಸೇರಿ ತೇಪೆ ಹಾಕಿದ್ದರು. ದೋಣಿ ಮುಳುಗಿತು. ನೀರು ನುಗ್ಗಿದ್ದು ನಿನ್ನ ತೇಪೆಯಿಂದ ಎಂದು ಒಬ್ಬರಿಗೊಬ್ಬರು ಕೂಗಾಡಿದರು. ದೋಣಿ ಸಮುದ್ರದ ತಳದಲ್ಲಿ ಕೂತಿದೆ, ಮೇಲೆತ್ತಿ ತೀರ್ಮಾನ ಮಾಡುವ ಹಾಗಿಲ್ಲ. ಅಂದಿನಿಂದ ಒಬ್ಬರಿಗೊಬ್ಬರು ಏನಾದರೂ ಹೇಳಲೇಬೇಕಾದರೆ ಎದುರುಗಡೆ ಮೀನಿನ ಟಾಕೊ ಮಾರುವ ನನ್ನ ಗಾಡಿಯ ಬಳಿ ಬಂದು ನನ್ನ ನಾಯಿಗೆ ಹೇಳುತ್ತಿದ್ದರು. ನಾಯಿಯ ಹೆಸರು ವಕೀಲ.

"ವಕೀಲಾ, ನಿನ್ನ ಪಕ್ಕ ನಿಂತಿರೋ ಮಹಾನುಭಾವನಿಗೆ ಹೇಳಪ್ಪ, ಅವನ ಕೋಳಿಗಳು ನನ್ನ ಶೆಡ್ಡಿನ ತಗಡಿನ ಮೇಲೆ ಹತ್ತಿ ಹಿಕ್ಕೆ ಹಾಕ್ತಿವೆ ಅಂತ," ಎನ್ನುತ್ತಿದ್ದ ಎವಾರಿಸ್ತೊ.

"ಎಲ್ಲಿ ಹಾಕಬೇಕು ಅಂತ ಕೋಳಿಗೂ ಗೊತ್ತಿದೆ ಅಂತ ಹೇಳು ವಕೀಲಾ," ಎನ್ನುತ್ತಿದ್ದ ನಬೋರ್.

ವಕೀಲ ಇಬ್ಬರಿಂದಲೂ ಮೀನಿನ ತುಂಡು ತಿಂದು ಬಾಲ ಅಲ್ಲಾಡಿಸುತ್ತಿದ್ದ. ಫೀಸು ಮುಟ್ಟಿದ ಮೇಲೆ ಅವನಿಗೇನು.

ಇಂಥವರ ಕೈಗೆ ನಾನು ನನ್ನ ಕಾರನ್ನು ಕೊಟ್ಟೆ. ಹುಚ್ಚಿಯೇ ಸರಿ. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ಮಾರ್ಚ್ ತಿಂಗಳ ಮರಳುಗಾಡಿನ ಓಟದಲ್ಲಿ ನನ್ನ ಗಂಡ ಪ್ಲುತಾರ್ಕೊ ಇಪ್ಪತ್ತೆರಡು ವರ್ಷ ನಮ್ಮ ಹಳೆಯ ವೋಚೊ ಓಡಿಸಿದ. ಬೆನ್ನುಬ್ಬಿದ ಆ ಪುಟ್ಟ ಕಾರಿನಲ್ಲಿ ಇಪ್ಪತ್ತೆರಡು ವರ್ಷವೂ ನಾನು ಪಕ್ಕದ ಸೀಟಿನಲ್ಲಿ ನಕ್ಷೆ ಹಿಡಿದು "ಎಡಕ್ಕೆ, ಬಲಕ್ಕೆ, ಅಯ್ಯೋ ಕಲ್ಲು" ಎನ್ನುತ್ತಾ ಕೂತೆ. ಸ್ಟಿಯರಿಂಗ್ ಒಮ್ಮೆಯೂ ಕೊಡಲಿಲ್ಲ ಪುಣ್ಯಾತ್ಮ. ಅವನು ತೀರಿಕೊಂಡ ಮೇಲೆ ಅತ್ತು ಮುಗಿಸಿದೆ, ಕಣ್ಣೊರೆಸಿಕೊಂಡೆ, ಸ್ಟಿಯರಿಂಗ್ ಹಿಡಿದೆ. ಐವತ್ತೆರಡನೇ ವಯಸ್ಸಿಗೆ ಈ ವರ್ಷ ನನ್ನ ಹೆಸರಿನಲ್ಲೇ ಓಟಕ್ಕೆ ಬರೆಸಿದ್ದೆ: ಎನೆದಿನಾ, ನಂಬರ್ ನಲವತ್ತೊಂದು. ಶುಕ್ರವಾರ ಸಂಜೆ ನಾಲ್ಕಕ್ಕೆ ತಪಾಸಣೆ. ನಾಲ್ಕು ಚಕ್ರಕ್ಕೂ ಮಡ್‌ಗಾರ್ಡ್ ಇರಲೇಬೇಕು, ಇಲ್ಲದಿದ್ದರೆ ಓಟವಿಲ್ಲ.

ಹಿಂದಿನ ಎರಡು ಗಟ್ಟಿಯಾಗಿದ್ದವು. ಮುಂದಿನ ಬಲಗಡೆಯದನ್ನು ಒಂದು ಹಸು ಗುದ್ದಿ ಅಪ್ಪಚ್ಚಿ ಮಾಡಿತ್ತು. ಎಡಗಡೆಯದು ಉಪ್ಪುಗಾಳಿಗೆ ತುಕ್ಕು ಹಿಡಿದು, ಆಕಾರ ಮಾತ್ರ ಉಳಿಸಿಕೊಂಡಿತ್ತು.

ನಮ್ಮಲ್ಲಿ ಮದುವೆಯಾಗಲಿ, ಹುಡುಗಿಗೆ ಹದಿನೈದು ತುಂಬಿದ ಹಬ್ಬವಾಗಲಿ, ಕೇಕಿಗೊಬ್ಬ ಪದ್ರಿನೊ, ಉಂಗುರಕ್ಕೊಬ್ಬ ಪದ್ರಿನೊ, ಬ್ಯಾಂಡಿಗೊಬ್ಬ ಪದ್ರಿನೊ. ಒಬ್ಬೊಬ್ಬರು ಒಂದೊಂದನ್ನು ವಹಿಸಿಕೊಂಡರೆ ಕೆಲಸ ಹಗುರ. ನನ್ನ ಕಾರಿಗೂ ಹಾಗೇ ಮಾಡಿದೆ. ಟಯರಿಗೆ, ಬ್ಯಾಟರಿಗೆ, ಹೆಲ್ಮೆಟ್ಟಿಗೆ ಪದ್ರಿನೊಗಳು ಸಿಕ್ಕರು. ಹೀಗೆ ಕೈಜೋಡಿಸಿದವರು ಒಬ್ಬರನ್ನೊಬ್ಬರು ಕರೆಯುವುದು, ಹೆಣ್ಣಾದರೆ ಕೊಮಾದ್ರೆ, ಗಂಡಾದರೆ ಕೊಂಪಾದ್ರೆ. ಎಡ ಮಡ್‌ಗಾರ್ಡಿನ ಪದ್ರಿನೊ ಎವಾರಿಸ್ತೊ, ಬಲದ್ದಕ್ಕೆ ನಬೋರ್. ಒಬ್ಬನಿಗೇ ಎರಡನ್ನೂ ಕೊಟ್ಟಿದ್ದರೆ ಇನ್ನೊಬ್ಬ ನನ್ನ ಗಾಡಿಯ ಟಾಕೊ ಮುಟ್ಟುತ್ತಿರಲಿಲ್ಲ.

ಎವಾರಿಸ್ತೊ ತುಕ್ಕಿನ ಮಡ್‌ಗಾರ್ಡಿಗೆ ಮೇಣ ತಿಕ್ಕಿ, ಫೈಬರ್ ಬಟ್ಟೆ ಹೊದಿಸಿ, ರಾಳ ಬಳಿದು, ಒಣಗಿದ ಮೇಲೆ ಕಿತ್ತು ಅಚ್ಚು ಮಾಡಿಕೊಂಡ. ಆ ಅಚ್ಚಿನ ಒಳಗೆ ಮತ್ತೆ ಬಟ್ಟೆ, ಮತ್ತೆ ರಾಳ. ಮಡ್‌ಗಾರ್ಡ್ ತಯಾರು. ಮುಂದಿನ ವಾರ ಅದೇ ತುಕ್ಕಿನದು ನಬೋರನ ಶೆಡ್ಡಿಗೆ ಹೋಯಿತು.

"ನಬೋರ್, ಇದು ಎಡಗಡೆಯದಲ್ವಾ? ನಿನಗೆ ಬೇಕಾಗಿರೋದು ಬಲ," ಎಂದೆ.

"ಕೊಮಾದ್ರೆ, ನೀವು ಟಾಕೊ ಮಾಡಿ, ಇದನ್ನ ನನಗೆ ಬಿಡಿ," ಎಂದ ಅವನು. "ಅಚ್ಚು ಅಂದ್ರೆ ಏನು? ತಿರುಗಾಮುರುಗಾ. ಎಡದ್ದಕ್ಕೆ ಅಚ್ಚು ಹೊಡೆದ್ರೆ ಬಲದ್ದು ಬರತ್ತೆ."

ಎಷ್ಟು ಧೈರ್ಯವಾಗಿ ಹೇಳಿದನೆಂದರೆ ನಾನು ನಂಬಿಬಿಟ್ಟೆ. ಇಡೀ ಜೀವಮಾನ ದೋಣಿ ಮಾಡಿದವನು. ದೋಣಿಯ ಎಡ ಬಲ ಎರಡೂ ಒಂದೇ ಅಚ್ಚಿನಲ್ಲಿ ಒಟ್ಟಿಗೆ ಬರುತ್ತವೆ, ಯೋಚಿಸುವ ಗೋಜೇ ಇಲ್ಲ. ಅಚ್ಚು ಒಂದು ಸಲ ತಿರುಗಿಸಿದ್ದನ್ನು ಎರಕ ಇನ್ನೊಂದು ಸಲ ತಿರುಗಿಸುತ್ತದೆ ಎನ್ನುವುದು ಅವನ ತಲೆಗೆ ಹೊಳೆಯಲಿಲ್ಲ. ಗೋಡೆಯಾಚೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾಯಿಯ ಮೂಲಕ ಕೇಳುವುದಕ್ಕೂ ಬಿಗುಮಾನ! ಅವನು ಅಚ್ಚು ಕಿತ್ತಾಗ ತುಕ್ಕಿನ ಮಡ್‌ಗಾರ್ಡ್ ಹಪ್ಪಳದ ಹಾಗೆ ಪುಡಿಯಾಯಿತು.

ಗುರುವಾರ ಎರಡೂ ನನ್ನ ಅಂಗಳಕ್ಕೆ ಬಂದವು. ನಾನೇ ಎರಡಕ್ಕೂ ಒಂದೇ ಡಬ್ಬದ ಕಿತ್ತಳೆ ಬಣ್ಣ ಬಳಿದು ಬಿಸಿಲಿಗಿಟ್ಟೆ. ಗಾಳಿ ಎರಡನ್ನೂ ಉರುಳಿಸಿ ಬೇಲಿಯ ಮೂಲೆಗೆ ತಳ್ಳಿತು. ಶುಕ್ರವಾರ ಬೆಳಿಗ್ಗೆ ಪದ್ರಿನೊಗಳು ಬೋಲ್ಟು ಹಿಡಿದು ಬಂದರು. ಒಂದು ಎಡಕ್ಕೆ ಚಕ್ಕನೆ ಕೂತಿತು. ಇನ್ನೊಂದು ಬಲಕ್ಕೆ ಕೂರಲಿಲ್ಲ. ತಿರುಗಿಸಿದರು, ಮಗುಚಿದರು, ತಟ್ಟಿದರು. ನಾನು ಇದನ್ನು ಎಡಗಡೆ ಕೂತದ್ದರ ಪಕ್ಕ ಹಿಡಿದು ನೋಡಿದೆ. ಅವಳಿ ಜವಳಿ. ಎರಡೂ ಎಡಗಡೆಯವು.

ಇಪ್ಪತ್ತೆರಡು ವರ್ಷ ಕಾದು, ಈಗ ಇದಕ್ಕೆ ಓಟ ತಪ್ಪಬೇಕೇ? ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ.

"ವಕೀಲಾ," ಎವಾರಿಸ್ತೊ ಶುರುಮಾಡಿದ, "ಸರಿಯಾಗಿ ಕೂತಿರೋದು ನಂದು ಅಂತ ಆ..."

"ನಾಯಿಗೆ ಯಾಕೋ ಹೇಳ್ತೀಯ? ನನಗೆ ಹೇಳೋ!" ನಬೋರ್ ಕಿರುಚಿದ. "ಸರಿಯಾಗಿರೋದು ನಂದು!"

"ನಿಂಗೆ ಹೇಳಿದ್ದು ಬಲ ಕಣೋ ಕತ್ತೆ! ಎಡದ್ದು ನಿಂದು ಹೆಂಗಾಗತ್ತೆ?"

"ಅದಕ್ಕೇ! ನಾನು ಬಲದ್ದೇ ಮಾಡಿದ್ದೆ, ನೀನು... ನೀನು ಅದಲುಬದಲು ಮಾಡಿದೀಯ!"

ಇದರಲ್ಲಿ ಅರ್ಥವಿರಲಿಲ್ಲ. ಆದರೆ ಆರು ವರ್ಷದ ಮೇಲೆ ಮಾತು ಬಂದಿತ್ತು. ವಕೀಲ ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ನೋಡಿ ಕಾರಿನ ಕೆಳಗೆ ಹೋಗಿ ಮಲಗಿದ.

"ಮೂರ್ಖರಾ!" ನಾನು ಎದ್ದು ಸೌಟು ಎತ್ತಿಕೊಂಡೆ. "ನಾಲ್ಕು ಗಂಟೆಗೆ ಇದು ಕಾರಿನ ಮೇಲಿಲ್ಲದಿದ್ರೆ ನಿಮ್ಮಿಬ್ಬರನ್ನೂ ಎಣ್ಣೆಗೆ ಹಾಕ್ತೀನಿ!"

ಎವಾರಿಸ್ತೊ ತಲೆ ಕೆರೆದುಕೊಂಡು ಮಡ್‌ಗಾರ್ಡನ್ನು ಹಿಂದುಮುಂದಾಗಿ ಬಲಕ್ಕಿಟ್ಟ. ಬೋಲ್ಟಿನ ಅಂಚು ಕಾರಿಗೆ ತಾಗಿತು, ಮೂತಿ ಮಾತ್ರ ಹಿಂದಕ್ಕೆ. "ಹಿಡ್ಕೋ ಕೊಂಪಾದ್ರೆ," ಎಂದ. ನಬೋರ್ ಹಿಡಿದುಕೊಂಡ. ಹೊಸ ತೂತು ಕೊರೆದರು, ಚಕ್ರಕ್ಕೆ ತಾಗುವಲ್ಲಿ ಗರಗಸ ಹಾಕಿದರು, ಸಂದಿಗೆ ರಾಳ ಸುರಿದರು. ಎಡದಿಂದ ನೋಡಿದರೆ ಕಾರು ಮುಂದಕ್ಕೆ ಹೊರಟಿತ್ತು, ಬಲದಿಂದ ನೋಡಿದರೆ ಮನೆಗೆ ವಾಪಸು ಬರುತ್ತಿತ್ತು.

ತಪಾಸಣೆಯವನು ಕಾರಿನ ಸುತ್ತ ಮೂರು ಸಲ ಸುತ್ತಿದ.

"ಸೆನ್ಯೋರಾ, ಇದು ಹಿಂದುಮುಂದಾಗಿದೆ."

"ಯಾವ ದಿಕ್ಕಿಗಿರಬೇಕು ಅಂತ ನಿಯಮದಲ್ಲಿ ಬರೆದಿದೆಯಾ?"

ಅವನು ಪುಸ್ತಕ ತಿರುವಿಹಾಕಿದ. ಬರೆದಿರಲಿಲ್ಲ. ಠಸ್ಸೆ ಒತ್ತಿದ.

ಓಟದ ಬಗ್ಗೆ ಏನು ಹೇಳಲಿ! ಹಿಂದುಮುಂದಾದ ಮಡ್‌ಗಾರ್ಡ್ ಮರಳನ್ನೆಲ್ಲ ಬಾಚಿ ಬಾಚಿ ನನ್ನ ಮುಖಕ್ಕೇ ಎರಚಿತು. ಅರವತ್ತನೇ ಕಿಲೋಮೀಟರಿನ ಹಳ್ಳದಲ್ಲಿ ಕಿತ್ತುಕೊಂಡು ಹಾರಿ ಕಳ್ಳಿಗಿಡಗಳ ನಡುವೆ ಎಲ್ಲೋ ಬಿತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸು ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಗಂಟಲು ಬಿರಿಯುವ ಹಾಗೆ ನಗುತ್ತಾ, ಅಳುತ್ತಾ, ಪ್ಲುತಾರ್ಕೊಗೆ ಬೈಯುತ್ತಾ ಓಡಿಸಿದೆ. ಕೊನೆಯಿಂದ ಎರಡನೆಯವಳಾಗಿ ಗೆರೆ ದಾಟಿದೆ. ಹಲ್ಲು ಬಿಟ್ಟರೆ ಉಳಿದೆಲ್ಲ ಮರಳು.

ಭಾನುವಾರ ಕಾರು ತೊಳೆಯುವಾಗ ಉಳಿದ ಮಡ್‌ಗಾರ್ಡಿನ ಒಳಗೆ ಕೈ ಹಾಕಿದೆ. ರಾಳದಲ್ಲಿ ಒಂದು ಕೆಂಪು ಕೋಳಿ ಪುಕ್ಕ ಹುದುಗಿಕೊಂಡಿತ್ತು. ಪಕ್ಕದಲ್ಲೇ ಕೋಳಿ ಹೆಜ್ಜೆಯ ಗುರುತು. ಕೋಳಿಗಳು ಒಳಗೆ ಓಡಾಡುವುದು ನಬೋರನ ಶೆಡ್ಡಿನಲ್ಲಿ ಮಾತ್ರ. ಸರಿಯಾದ ಜಾಗದಲ್ಲಿ ಕೂತು ಕೊನೆಯವರೆಗೆ ಬಂದದ್ದು ತಪ್ಪು ಮಾಡಿದ ನಬೋರನದು. ಕಳ್ಳಿಗಿಡದ ಪಾಲಾದದ್ದು ಪಾಪ, ಸರಿಯಾಗಿ ಮಾಡಿದ ಎವಾರಿಸ್ತೊನದು.

ಗಾಡಿಯ ಮುಂದೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

"ಉಳಿದಿರೋದು ನಂದೇ," ಎವಾರಿಸ್ತೊ ಹೇಳುತ್ತಿದ್ದ. "ನನ್ನ ಕೆಲಸ ನನಗೆ ಗೊತ್ತಾಗಲ್ವೇನೋ?"

"ನಿನ್ನ ಕೆಲಸ ಗೊತ್ತಿದೆ ಬಿಡೋ, ಸಮುದ್ರದ ತಳದಲ್ಲಿದೆ. ಆ ಸಾಸ್ ಈ ಕಡೆ ಕೊಡು."

"ಒಳಗಡೆ ನೋಡಿದ್ರೆ ಗೊತ್ತಾಗತ್ತೆ. ಕೊಮಾದ್ರೆ, ಒಳಗೆ ಏನಾದ್ರೂ ಗುರುತಿದೆಯಾ?"

"ಬರೀ ಮಣ್ಣು," ಎಂದೆ.

ಆಮೇಲೆ ಒಳಗಿನಿಂದ ಬಿರುಕು ಮುಚ್ಚುವ ಪುಟ್ಟಿಯ ಡಬ್ಬ ತಂದು, ಕಾರಿನ ಕೆಳಗೆ ತೂರಿ, ಆ ಪುಕ್ಕದ ಮೇಲೆ ಎರಡು ಬೆರಳು ದಪ್ಪ ಮೆತ್ತಿದೆ. ಮೀನಿನ ತುಂಡು ಕೊಡುವವರಿಲ್ಲದೆ ವಕೀಲ ನನ್ನನ್ನೇ ನೋಡುತ್ತಿದ್ದ. ಅವನಿಗೆ ನಾನೇ ಒಂದು ತುಂಡು ಹಾಕಿದೆ.