ಮಸುಕಾದ ಗೆರೆಗಳು

ನಕ್ಷೆ ಅತಿ ಅಂದವಾಗಿತ್ತು. ಅದೇ ಅವಳಿಗೆ ಹಿಡಿಸಲಿಲ್ಲ.

ನಕ್ಷತ್ರಗಳು ಹುಟ್ಟುತ್ತಿರುವ ನಲವತ್ತೊಂದು ಸಾವಿರ ಗ್ಯಾಲಕ್ಸಿಗಳು, ಒಂದೊಂದಕ್ಕೂ ಒಂದು ಚುಕ್ಕೆ. ತೂಕ ಹೆಚ್ಚಿದಂತೆ ಆಮ್ಲಜನಕದ ಪಾಲೂ ಏರುತ್ತ ಹೋಗಿ, ಒಂದು ಮಟ್ಟದಲ್ಲಿ ಸೂರಿಗೆ ತಲೆ ತಾಗಿದಂತೆ ನಿಂತುಬಿಡುತ್ತಿತ್ತು. ಆ ಮಿತಿಯನ್ನು ಹನ್ನೆರಡು ವರ್ಷದ ಹಿಂದೆ ಕಂಡುಹಿಡಿದವರು ಅವಳ ಗೈಡು. ಅದನ್ನು ದೊಡ್ಡ ಪಟ್ಟಿಯಲ್ಲಿ ದೃಢಪಡಿಸುವುದೇ ಅವಳ ಪಿಎಚ್.ಡಿ. ಲೇಖನ ಸಂಜೆ ಐದಕ್ಕೆ ಪತ್ರಿಕೆಗೆ ಹೋಗಬೇಕಿತ್ತು.

"ಇನ್ನೂ ಗುದ್ದಾಡ್ತಿದ್ದೀಯಾ?" ಪಕ್ಕದ ಮೇಜಿನ ಗಡ್ಡದಣ್ಣ ನಕ್ಕ. "ಊಟ ಬಡಿಸಿದ ಮೇಲೆ ಕಲ್ಲು ಆರಿಸ್ತಾರಾ ತಾಯಿ?"

ಅವಳು ಗೈಡು ಬರೆದಿದ್ದ ಹಳೆಯ ಪ್ರೋಗ್ರಾಮನ್ನು ತೆರೆದಳು. ಅದರಲ್ಲೊಂದು ಸಾಲು: ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಆಮ್ಲಜನಕದ ಗೆರೆ ಮಸುಕಾಗಿದ್ದರೆ ಆ ಗ್ಯಾಲಕ್ಸಿಯನ್ನು ಕೈಬಿಡು. ಮಸುಕೆಂದರೆ ಕೆಟ್ಟ ಅಳತೆ ಎಂದು ಎಲ್ಲರೂ ನಂಬಿದ್ದರು. ಆದರೆ ಆಮ್ಲಜನಕ ಹೇರಳವಾದಲ್ಲಿ ಅನಿಲ ತಣ್ಣಗಾಗುತ್ತದೆ. ತಣ್ಣಗಾದಾಗ ಅದೇ ಗೆರೆ ಮಂಕಾಗುತ್ತದೆ. ಸಿರಿವಂತರೇ ಬಡವರಂತೆ ಕಂಡು ಹೊರಬಿದ್ದಿದ್ದರು.

ಆ ಸಾಲು ತೆಗೆದು, ಮಸುಕಾದವನ್ನು ಸಾರಜನಕದ ಗೆರೆಯಿಂದ ಅಳೆದಳು. ಆರು ಸಾವಿರ ಹೊಸ ಚುಕ್ಕೆಗಳು ಬಂದವು. ಬಹುಪಾಲು ಮಿತಿಯನ್ನು ದಾಟಿ ಮೇಲೆ ಕೂತವು.

ಲ್ಯಾಪ್‌ಟಾಪ್ ಹಿಡಿದು ಗೈಡಿನ ಕೋಣೆಗೆ ಹೋದಳು. ಅವರು ನಕ್ಷೆ ನೋಡಿದರು. ಬೆಚ್ಚಲಿಲ್ಲ. ಬೆಚ್ಚಿದ್ದು ಅವಳು.

"ಬಾಗಿಲು ಹಾಕಮ್ಮಾ."

"ಸರ್, ಆ ಮಿತಿ ಇಲ್ವೇ ಇಲ್ಲ. ನಾವೇ ಕತ್ತರಿಸಿದ್ದು."

"ಗೊತ್ತು. ನಿನಗಿಂತ ಮುಂಚೆ ಇದ್ದವನೂ ಆ ಸಾಲು ತೆಗೆದು ನೋಡಿದ್ದ."

"ಅವರು ಈಗ ಎಲ್ಲಿದ್ದಾರೆ ಸರ್?"

ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. "ಆಮೇಲೆ ಯಾವ ಲೇಖನದಲ್ಲೂ ಅವನ ಹೆಸರು ನೋಡಿಲ್ಲ. ಸಾಲು ವಾಪಸ್ ಹಾಕಿ ಕಳಿಸು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹಾಗಾದ್ರೆ ಲೇಖನದಿಂದ ನನ್ನ ಹೆಸರು ತೆಗೀತೀನಿ."

"ತೆಗಿ. ನಾಲ್ಕು ವರ್ಷಾನೂ ಜೊತೆಗೇ ತೆಗೀತಿದ್ದೀಯ ಅಷ್ಟೆ." ದನಿ ಏರಲಿಲ್ಲ.

ಅಲ್ಲೇ ನಿಂತು ತನ್ನ ಹೆಸರು ಅಳಿಸಿದಳು.

ಮೇಜಿಗೆ ಮರಳಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಆ ಆರು ಸಾವಿರ ಗ್ಯಾಲಕ್ಸಿಗಳ ಅಳತೆಯನ್ನಾದರೂ ಉಳಿಸಿಕೊಳ್ಳೋಣವೆಂದು ಪಟ್ಟಿ ತೆರೆಯಹೋದಳು. 'ನಿಮಗೆ ಅನುಮತಿ ಇಲ್ಲ' ಎಂದಿತು ಪರದೆ. ಒಂದೊಂದೇ ಅಕ್ಷರ ಒತ್ತಿ ಮತ್ತೆ ಪಾಸ್‌ವರ್ಡ್ ಕೊಟ್ಟಳು. ಅದೇ ಉತ್ತರ.

"ಅಣ್ಣಾ, ಸರ್ವರ್ ಕೆಟ್ಟಿದ್ಯಾ?"

"ಇಲ್ವಲ್ಲಾ, ನನ್ನದು ತೆರೀತಿದೆ," ಎಂದ ಗಡ್ಡದಣ್ಣ. ಅವಳ ಪರದೆಯತ್ತ ಬಾಗಿ ಓದಿದ. ಆಮೇಲೆ ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.